ಐದೇ ದಿನಕ್ಕೆ 3.4 ಕೆಜಿ ಇಳಿಸ್ತಾರೆ, ಹೆಂಗೆ ಅಂತ ನೋಡಿ. ತುಮಕೂರಿನೋರು ದುಡ್ಡು ಕಟ್ಟೋಕೆ ಮುಂಚೆ ಓದಿ

ಮೆಡಿಕಲ್ ಷಾಪಿನ ಕೌಂಟರಲ್ಲಿ ನಿಂತು ಊರಿಗೆಲ್ಲ ಮಾತ್ರೆ ಕೊಡೋ ಕೆಲಸ ನಂದು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ, ನಾಚಿಕೆ. ಈಗ ಅಶೋಕ ನಗರ, ಎಸ್.ಎಸ್. ಪುರಂ ಕಡೆ ನಾನು ಮೋಸ ಹೋದ ತೂಕ ಇಳಿಸೋ ಸೆಂಟರಿನ ಅದೇ ಪಾಂಪ್ಲೆಟ್ ಮತ್ತೆ ಪೇಪರ್ ಒಳಗೆ ಬರ್ತಿದೆ. '5 ದಿನದ ಟ್ರಯಲ್ ಬರೀ 499, ತೂಕ ಇಳಿದ್ರೆ ಮಾತ್ರ ಮುಂದುವರಿಸಿ.' ಎಷ್ಟು ನ್ಯಾಯವಾಗಿ ಕಾಣುತ್ತೆ ಅಲ್ವಾ? ತೂಕ ಇಳಿಯುತ್ತೆ ಕಣ್ರಿ. ಇಳಿದೇ ಇಳಿಯುತ್ತೆ. ಅದೇ ಗಾಳ.

ಮೊದಲ ದಿನ ಕರೆಯೋದು ಸಂಜೆ 6ಕ್ಕೆ. ಮಧ್ಯಾಹ್ನದ ಊಟ, ಕಾಫಿ, ಕುಡಿದ ನೀರು ಎಲ್ಲ ಹೊಟ್ಟೇಲಿ. ಚಪ್ಪಲಿ ಬಿಡಿ ಅಂತಲೂ ಹೇಳಲ್ಲ. ಆರನೇ ದಿನ ಬೆಳಿಗ್ಗೆ 7ಕ್ಕೆ: 'ಖಾಲಿ ಹೊಟ್ಟೇಲಿ ಬನ್ನಿ ಅಕ್ಕಾ, ಬಾತ್‌ರೂಮಿಗೆ ಹೋಗ್‌ಬಿಟ್ಟು ಬನ್ನಿ, ತೆಳ್ಳನೆ ಬಟ್ಟೆ ಹಾಕ್ಕೊಳಿ.' ಅಷ್ಟರಲ್ಲೇ ಒಂದು ಕೆಜಿ, ಒಂದೂವರೆ ಕೆಜಿ ಮಾಯ.

ಆ ಐದು ದಿನ ಅನ್ನ ಇಲ್ಲ, ಮುದ್ದೆ ಇಲ್ಲ, ಉಪ್ಪೂ ಇಲ್ಲ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಹತ್ತಿರ ಹತ್ತಿರ ಅರ್ಧ ಕೆಜಿ ಗ್ಲೈಕೋಜನ್ (ಹಿಟ್ಟಿನ ಪದಾರ್ಥದಿಂದ ಮೈ ಕೂಡಿಟ್ಟ ಸಕ್ಕರೆ) ದಾಸ್ತಾನಿರುತ್ತೆ, ಒಂದೊಂದು ಗ್ರಾಮೂ ಸುಮಾರು 3 ಗ್ರಾಂ ನೀರನ್ನ ಹಿಡ್ಕೊಂಡಿರುತ್ತೆ. ಹಿಟ್ಟಿನ ಪದಾರ್ಥ ನಿಲ್ಲಿಸಿದ್ರೆ ಮೊದಲು ಖಾಲಿಯಾಗೋದು ಈ ದಾಸ್ತಾನು, ಜೊತೆಗೆ ಅದರ ನೀರು. ಉಪ್ಪು ಬಿಟ್ರೆ ಇನ್ನಷ್ಟು ನೀರು. ಕೊಬ್ಬು ಇದ್ದಲ್ಲೇ ಇರುತ್ತೆ, ಹೆಚ್ಚುಕಮ್ಮಿ.

ಇನ್ನು ರಾತ್ರಿ ಮಲಗೋಕೆ ಮುಂಚೆ ಕುಡಿಯೋ 'ಹರ್ಬಲ್ ಟೀ'. ಇದನ್ನ ಬರೆಯುವಾಗ ಈಗಲೂ ಮೈ ಉರಿಯುತ್ತೆ. ಬೆಳಿಗ್ಗೆ ಹೊಟ್ಟೆ ನೀರು ನೀರಾಗಿ ಖಾಲಿ. ಕೇಳಿದ್ರೆ, 'ಟಾಕ್ಸಿನ್ ಹೋಗ್ತಿದೆ ಅಕ್ಕಾ, ಒಳ್ಳೇದು.' ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಎರಡನೇ ಪದಾರ್ಥ ಕ್ಯಾಸಿಯಾ ಅಂಗುಸ್ಟಿಫೋಲಿಯಾ ಅಂತಿತ್ತು. ಸೋನಾಮುಖಿ ಕಣ್ರಿ! ಮಲಬದ್ಧತೆಗೆ ಅಂತ ಇದರದ್ದೇ ಮಾತ್ರೇನ ದಿನಾ ಕೌಂಟರಲ್ಲಿ ಮಾರ್ತೀನಿ. ರಾತ್ರಿ ತಗೊಂಡ್ರೆ 6ರಿಂದ 12 ಗಂಟೇಲಿ ಕೆಲಸ ಮಾಡುತ್ತೆ ಅಂತ ನಾನೇ ಜನಕ್ಕೆ ಹೇಳಿ ಕಳಿಸ್ತೀನಿ. 499 ಕೊಟ್ಟು ಅದನ್ನೇ ಕುಡಿದು, ಟಾಕ್ಸಿನ್ ಹೋಯ್ತು ಅಂತ ಖುಷಿಪಟ್ಟೆ. ಪೊಟ್ಟಣ ತಿರುಗಿಸಿ ನೋಡಿದ್ದು ದುಡ್ಡು ಕಟ್ಟಿದ ಮೇಲೆ. ಸೋನಾಮುಖಿ ಕೆಲಸ ಮಾಡೋದು ದೊಡ್ಡ ಕರುಳಲ್ಲಿ, ಊಟದ ಕ್ಯಾಲೊರಿ ಅಷ್ಟು ಹೊತ್ತಿಗೆ ಸಣ್ಣ ಕರುಳಲ್ಲೇ ಮೈಗೆ ಸೇರಿರುತ್ತೆ. ಹೋಗೋದು ನೀರು, ಪೊಟ್ಯಾಸಿಯಂ. ಬಿಪಿಗೆ ನೀರಿಳಿಸೋ ಮಾತ್ರೆ ತಗೊಳ್ಳೋರು ಇದನ್ನ ವಾರಗಟ್ಟಲೆ ಕುಡಿದ್ರೆ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು.

3.4 ಕೆಜಿ ಇಳಿದಿದೆ ಅಂತ ಚಪ್ಪಾಳೆ ಹೊಡೆದ್ರು. ಕೈಕಾಲಲ್ಲಿ ಹಿಡಿಯೋ ಮಿಷನ್ ಮೇಲೆ ನಿಲ್ಲಿಸಿ 'ಬಾಡಿ ಏಜ್ 52' ಅಂದ್ರು. ಅದು ಮೈಯೊಳಗೆ ಸಣ್ಣ ಕರೆಂಟ್ ಹರಿಸಿ ನೀರಿನ ಲೆಕ್ಕದ ಮೇಲೆ ಕೊಬ್ಬನ್ನ ಅಂದಾಜು ಮಾಡೋ ಯಂತ್ರ. ಮೈಯಲ್ಲಿ ನೀರು ಹೆಚ್ಚುಕಮ್ಮಿ ಆದ್ರೆ ಅಂಕಿಯೂ ಹೆಚ್ಚುಕಮ್ಮಿ. ಹೆದರಿಸೋಕೆ ಸಾಕು. 36,000ದ ಪ್ಯಾಕೇಜು, ತಿಂಗಳಿಗೆ 6,000ದ ಹಾಗೆ 6 ಕಂತು.

ಆಗ ಈ ಲೆಕ್ಕ ಹಾಕಬೇಕಿತ್ತು. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. 3.4 ಕೆಜಿಗೆ 26,180. ಐದು ದಿನಕ್ಕೆ ಹಂಚಿದ್ರೆ ದಿನಕ್ಕೆ 5,236. ಮನೆ, ಅಂಗಡಿ ಅಂತ ಓಡಾಡೋ ಹೆಂಗಸಿನ ದಿನದ ಒಟ್ಟು ಖರ್ಚೇ 1,800-2,000ದ ಆಸುಪಾಸು. ಐದೂ ದಿನ ನಿಟ್ಟುಪವಾಸ ಬಿದ್ರೂ ಒಂದೂವರೆ ಕೆಜಿ ಕೊಬ್ಬು ಕರಗಲ್ಲ! ಎರಡು ನಿಮಿಷದ ಲೆಕ್ಕ. ಹಾಕಲಿಲ್ಲ.

ಸೈನ್ ಹಾಕಿ ಮೂರನೇ ದಿನ ಮನೇಲಿ ಬಸ್ಸಾರು ಮುದ್ದೆ. ಎರಡು ರಾತ್ರಿ ಟೀ ಕುಡೀಲಿಲ್ಲ. 2.1 ಕೆಜಿ ವಾಪಸ್. ಆ ಮೇಲಿನ ಅವರ ಉತ್ತರಗಳನ್ನ ಹಂಗಂಗೇ ಬರೀತೀನಿ, ನಿಮಗೂ ಇವೇ ಬರ್ತವೆ.

'ನೀವು ಚೀಟ್ ಮಾಡಿದೀರ.'

'ಕೆಜಿ ನೋಡ್ಬೇಡಿ ಮೇಡಂ, ಇಂಚು ನೋಡಿ.' (ಟೇಪನ್ನ ಒಂದು ದಿನ ಹೊಕ್ಕುಳ ಮೇಲೆ ಸಡಿಲವಾಗಿ, ಇನ್ನೊಂದು ದಿನ ಮೇಲಕ್ಕೆ ಬಿಗಿಯಾಗಿ ಹಿಡಿದ್ರೆ ಎರಡಿಂಚು ಯಾರಿಗಾದ್ರೂ ಇಳಿಯುತ್ತೆ.)

'ಕೊಬ್ಬು ಹೋಗಿ ಮಸಲ್ ಬಂದಿದೆ.' ಮೂರು ದಿನಕ್ಕೆ 2 ಕೆಜಿ ಮಸಲ್ಲಂತೆ!

'ನಿಮಗೆ ಥೈರಾಯ್ಡ್ ಇರ್ಬೇಕು.'

ದುಡ್ಡು ಕಟ್ಟೋವರೆಗೆ ಅಕ್ಕ, ಕಟ್ಟಿದ ಮೇಲೆ ಮೇಡಂ. ಇದನ್ನೂ ಗಮನಿಸಿ.

ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ ಅಂತ ತೋರಿಸ್ತಾರೆ. ಆ 14 ಅಂಕಿ ಆಹಾರದ ವ್ಯಾಪಾರಕ್ಕೆ ಪಡೆದ ಲೈಸೆನ್ಸು ಅಥವಾ ನೋಂದಣಿ. ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತೆ. ತೂಕ ಇಳಿಸುತ್ತೆ ಅನ್ನೋ ಪ್ರಮಾಣಪತ್ರ ಅಲ್ಲ. ಬೊಜ್ಜಿಗೆ ಔಷಧ ಅಂತ ಜಾಹೀರಾತು ಕೊಡೋದಕ್ಕೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲೇ ನಿಷೇಧ ಇದೆ, ಅದಕ್ಕೇ ಇವರು 'ಆಹಾರ', 'ಟೀ' ಅಂತಾರೆ.

ಕೊನೆಗೆ ಲೇಬಲ್ಲೇ ಇಲ್ಲದ ಡಬ್ಬೀಲಿ ಕ್ಯಾಪ್ಸೂಲ್ ಕೊಡೋಕೆ ಬಂದ್ರು, 'ಸ್ಪೆಷಲ್, ಹಸಿವೇ ಆಗಲ್ಲ.' ಅಷ್ಟಾದ್ರೂ ಬುದ್ಧಿ ಇತ್ತು, ಮುಟ್ಟಲಿಲ್ಲ. ಹರ್ಬಲ್ ಹೆಸರಲ್ಲಿ ಮಾರೋ ಇಂಥ ಕ್ಯಾಪ್ಸೂಲಲ್ಲಿ ಕದ್ದು ಬೆರೆಸಿದ ಸಿಬುಟ್ರಮಿನ್ ಹಲವು ದೇಶಗಳಲ್ಲಿ ಸಿಕ್ಕಿದೆ. ಬಿಪಿ ಏರಿಸಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ತರೋ ಮದ್ದು, ಭಾರತದಲ್ಲಿ 2011ರಲ್ಲೇ ನಿಷೇಧ ಆಗಿದೆ. ಗಿಡಮೂಲಿಕೆ ಅಂತ ತಗೊಂಡ ತಕ್ಷಣ ಹಸಿವು ಸತ್ತು, ಬಾಯಿ ಒಣಗಿ, ನಿದ್ದೆ ಬಾರದೆ, ಎದೆ ಡವಡವ ಅಂದ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ, ಡಬ್ಬೀನೂ ತಗೊಂಡು ಹೋಗಿ.

ಕಂತಿನ ವಿಷಯ. ಒಟಿಪಿ ಕೇಳಿ ಅವರ ಫೋನಲ್ಲೇ ಎಲ್ಲ ಮುಗಿಸ್ತಾರೆ. ಅದು ಸೆಂಟರಿನ ಕಂತಲ್ಲ, ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಕೊಟ್ಟ ಸಾಲ. ಸೆಂಟರಿಗೆ ಹೋಗೋದು ಬಿಟ್ರೂ ಸಾಲ ಬಿಡಲ್ಲ. ಕಟ್ಟದಿದ್ರೆ ಬೌನ್ಸ್ ಚಾರ್ಜು, ಸಿಬಿಲ್ ಸ್ಕೋರೂ ಹಾಳು. ಆ್ಯಪ್ ಮೂಲಕ ಕೊಟ್ಟ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ 'ಕೂಲಿಂಗ್ ಆಫ್' ಅವಧಿ ಇರಲೇಬೇಕು. ಅಷ್ಟರೊಳಗೆ ಅಸಲು, ಆ ದಿನಗಳ ಬಡ್ಡಿ ಕಟ್ಟಿದ್ರೆ ದಂಡ ಇಲ್ಲದೆ ಹೊರಗೆ ಬರಬಹುದು. ಎಷ್ಟು ದಿನ ಅಂತ ಸಾಲದ ಮುಖ್ಯ ಷರತ್ತುಗಳ ಪತ್ರ, ಅಂದ್ರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟಲ್ಲಿ ಇರುತ್ತೆ. ನನಗೆ ಗೊತ್ತಾಗೋಷ್ಟರಲ್ಲಿ ಮುಗಿದಿತ್ತು.

ಇಳಿಸಲೇಬೇಕು ಅಂದ್ರೆ ವಾರಕ್ಕೆ ಅರ್ಧದಿಂದ ಒಂದು ಕೆಜಿ, ಅದಕ್ಕಿಂತ ಜೋರು ಹೇಳೋರನ್ನ ನಂಬಬೇಡಿ. ಒಂದೇ ತಕ್ಕಡಿ, ಒಂದೇ ಹೊತ್ತು, ಬೆಳಿಗ್ಗೆ ಖಾಲಿ ಹೊಟ್ಟೆ. ಅಮಾನಿಕೆರೆ ಸುತ್ತ ನಡೆಯೋಕೆ ಯಾರೂ 36,000 ಕೇಳಲ್ಲ.

ಬಿಲ್ ಕೇಳಿ. ಬಿಲ್ ಕೊಡದಿರೋದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ನಿನ್ನೆ ಸೆಂಟರಿಂದ ಫೋನ್ ಬಂತು. ರಿಫಂಡ್ ಬಗ್ಗೆ 'ಮೇಲಿನೋರಿಗೆ ಹೇಳ್ತೀವಿ, ಮೊದಲು ಉಳಿದ ಟೀ ಪೊಟ್ಟಣ ಎಲ್ಲ ವಾಪಸ್ ತಂದುಕೊಡಿ ಮೇಡಂ' ಅಂದ್ರು. ಕೊಡಲ್ಲ. ಪದಾರ್ಥದ ಪಟ್ಟಿ, ಬ್ಯಾಚ್ ನಂಬರ್ ಇರೋದು ಅದರ ಮೇಲೇ.