ಬೆಂದ ಬಂಡೆ ನೋಡಲು ಯಾವ ಕಡೆ? ಲಾಲ್‌ಬಾಗ್, ಕಬ್ಬಾಳು, ಪಳನಿ ಬೆಟ್ಟ

ಒಂದೇ ಒಂದು ಭಾನುವಾರ ಬಿಡುವಿದ್ದರೆ ಕಬ್ಬಾಳಿಗೆ ಹೋಗಿ. ಒಂದು ಗಂಟೆ ಮಾತ್ರ ಇದ್ದರೆ ಲಾಲ್‌ಬಾಗ್ ಸಾಕು. ಪಳನಿ ಬೆಟ್ಟದ ಬುಡಕ್ಕೆ ಹೋಗುವ ಆಸೆ ಇದ್ದರೆ ಮೊದಲು ಈ ಎರಡನ್ನೂ ನೋಡಿರಬೇಕು. ಭೂಮಿಯ ಆಳದಲ್ಲಿ ಬೆಂದು ಮೇಲೆ ಬಂದ ಬಂಡೆಗಳನ್ನು ಹುಡುಕಿಕೊಂಡು ಮೂರು ಕಡೆಗೂ ಸುತ್ತಿದ ಮೇಲೆ ನನಗೆ ಅನ್ನಿಸಿದ್ದು ಇದು.

ಲಾಲ್‌ಬಾಗ್ ಸುಲಭ. ಮೆಟ್ರೋ ಇಳಿದು ನಡೆದರೆ ಆಯ್ತು. ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಳೆ ನಿಂತ ಮೇಲೆ ಹೋಗಿ. ಒದ್ದೆ ಕಲ್ಲಿನ ಮೇಲೆ ಕಪ್ಪು ಬಿಳಿ ಪಟ್ಟೆಗಳು ಎದ್ದು ಕಾಣುತ್ತವೆ, ಹಿಂಡಿ ಇಟ್ಟ ಸೀರೆಯ ಹಾಗೆ ಮಡಿಕೆ ಬಿದ್ದಿವೆ. ಇದು ನೈಸ್ ಎಂಬ ಕಲ್ಲು, ಬಿಸಿಗೆ ಮೆತ್ತಗಾಗಿ ಹೀಗೆ ಮಡಿಚಿಕೊಂಡಿದೆ. ಆದರೆ ಇದರಲ್ಲಿ ಇನ್ನೂ ನೀರಿದೆ. ಕಪ್ಪು ಪಟ್ಟೆಯಲ್ಲಿರುವ ಕರಿ ಅಭ್ರಕ ತನ್ನೊಳಗೇ ನೀರನ್ನು ಕಟ್ಟಿಟ್ಟುಕೊಂಡಿರುತ್ತದೆ. ಬಿಸಿಯ ಕಥೆಯಲ್ಲಿ ಈ ನೀರೇ ಮುಖ್ಯ.

ಅದು ಗೊತ್ತಾಗುವುದು ಕಬ್ಬಾಳಿನಲ್ಲಿ. ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಸುಮಾರು 80 ಕಿ.ಮೀ. ದಾರಿ. ಕಬ್ಬಾಳಮ್ಮನಿಗೆ ಕೈಮುಗಿದು, ಬೆಟ್ಟದ ಬುಡದ ಹಳೇ ಕ್ವಾರಿಯ ಕಡೆ ಹೋದೆವು. ಜೊತೆಗೆ ತಮ್ಮನ ಮಗಳಿದ್ದಳು, ಹತ್ತು ವರ್ಷದವಳು. ಕಲ್ಲು ನೋಡಿದ ಕೂಡಲೇ ಕೇಳಿದಳು: "ಅತ್ತೆ, ಇಲ್ಲಿ ಯಾರು ಎಣ್ಣೆ ಚೆಲ್ಲಿದ್ದು?"

ನಿಜವಾಗಿಯೂ ಹಾಗೇ ಕಾಣುತ್ತದೆ. ಲಾಲ್‌ಬಾಗ್‌ನಲ್ಲಿ ನೋಡಿದಂಥದ್ದೇ ಬೂದು ನೈಸ್, ಅದರ ನಡುವೆ ಅಲ್ಲಲ್ಲಿ ಹಸಿರು ಮಿಶ್ರಿತ ಕಂದು ಕಲೆಗಳು. ಕಲೆಯೊಳಗೆ ಹೋದ ಪಟ್ಟೆ ಮಸುಕಾಗಿ ಕಳೆದೇ ಹೋಗುತ್ತದೆ. ಆ ಕಲೆಯೇ ಚಾರ್ನಕೈಟ್ ಎಂಬ ಕಲ್ಲು. ಸುಮಾರು 250 ಕೋಟಿ ವರ್ಷದ ಹಿಂದೆ, 700 ಡಿಗ್ರಿ ದಾಟಿದ ಬಿಸಿಯಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ದ್ರವ ಬಿರುಕುಗಳಲ್ಲಿ ಹಾದು ಕಲ್ಲಿನ ನೀರನ್ನು ಹೊರಗೆ ತಳ್ಳಿತು. ನೀರು ಕಟ್ಟಿಟ್ಟುಕೊಂಡ ಅಭ್ರಕ, ಹಾರ್ನ್‌ಬ್ಲೆಂಡ್ ಖನಿಜಗಳು ಹೋಗಿ ನೀರಿಲ್ಲದ ಪೈರಾಕ್ಸೀನ್ ಎಂಬ ಖನಿಜ ಹುಟ್ಟಿತು. ಚಾರ್ನಕೈಟ್ ಇಲ್ಲಿ ಇನ್ನೂ ಆಗುತ್ತಾ ಇರುವಾಗಲೇ ನಿಂತುಹೋಗಿದೆ ಎಂದು ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲೇ ಬರೆದರು. 1979ರಲ್ಲಿ ಮೈಸೂರಿನ ಎ.ಎಸ್. ಜನಾರ್ದನ್ ಮತ್ತು ಜೊತೆಗಾರರು ನೀರು ಕಡಿಮೆಯಾದದ್ದೇ ಇದಕ್ಕೆ ಕಾರಣ ಎಂದು ವಿವರಿಸಿದರು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುತ್ತೇವೆ ಅಲ್ವಾ? ಕಬ್ಬಾಳು ಆ ಅಗುಳು. ಹೊರಗೆ ಬೆಂದಿದೆ, ನಡುವೆ ಇನ್ನೂ ಅಕ್ಕಿ. ಲೆನ್ಸ್ ಕೂಡ ಬೇಕಿಲ್ಲ. ನೆರಳು ಮಾತ್ರ ಇಲ್ಲ, ನೀರು ಜಾಸ್ತಿ ಒಯ್ಯಿರಿ. ಸುತ್ತಿಗೆ ದಯವಿಟ್ಟು ಬೇಡ. ಹೋದ ಕಲೆ ಮತ್ತೆ ಬರುವುದಿಲ್ಲ.

ಇನ್ನು ಪಳನಿ. ಆ ಬೆಟ್ಟಸಾಲಿನ ಬುಡದಲ್ಲಿರುವ ತಮಿಳುನಾಡಿನ ಗಂಗುವಾರ್ಪಟ್ಟಿ ಬೆಂಗಳೂರಿನಿಂದ 400 ಕಿ.ಮೀ.ಗೂ ಜಾಸ್ತಿ. ಬಿಸಿಯ ಲೆಕ್ಕದಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಸುಮಾರು 55 ಕೋಟಿ ವರ್ಷದ ಹಿಂದೆ ಖಂಡಗಳು ಡಿಕ್ಕಿ ಹೊಡೆದು ಗೊಂಡ್ವಾನ ಎಂಬ ಮಹಾಖಂಡ ಕೂಡಿಕೊಂಡಾಗ, ಮಡಗಾಸ್ಕರ್ ನಮ್ಮ ಪಕ್ಕದಲ್ಲೇ ಇತ್ತು. ಆಗ ಇಲ್ಲಿನ ಕಲ್ಲು 30 ಕಿ.ಮೀ.ಗಿಂತ ಆಳದಲ್ಲಿ 900 ಡಿಗ್ರಿ ದಾಟಿತು. ಕೆಲವು ಜ್ವಾಲಾಮುಖಿಗಳ ಲಾವಾ ಕೂಡ ಇದಕ್ಕಿಂತ ಬಿಸಿಯಿರುವುದಿಲ್ಲ. ಆದರೂ ಕಲ್ಲು ಪೂರ್ತಿ ಕರಗಲಿಲ್ಲ.

ಒಲೆಯ ಮೇಲಿನ ಸಾರು ನೆನೆಸಿಕೊಳ್ಳಿ. ನೀರಿರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬತ್ತಿದ ಮೇಲೆ ತಳ ಹತ್ತುತ್ತದೆ. ಬಂಡೆಯಲ್ಲೂ ಹೀಗೇ. ಕರಗುವ ಕೆಲಸವೇ ಬಿಸಿಯನ್ನು ನುಂಗುತ್ತಿರುತ್ತದೆ. ಕರಗಿದ್ದು ಸೋರಿ ಹೋದ ಮೇಲೆ ಉಳಿಯುವುದು ಒಣ ಕಲ್ಲು, ಅದು ಕಾಯುತ್ತಲೇ ಹೋಗುತ್ತದೆ. ದಪ್ಪಗಾದ ಖಂಡದೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕೋಟಿಗಟ್ಟಲೆ ವರ್ಷ ಕಾವು ಕೊಡುತ್ತವೆ. ಖಂಡದ ಕೆಳಗಿನ ಬಿಸಿ ಪದರ, ಅಂದರೆ ಮ್ಯಾಂಟಲ್‌ನ ಬಿಸಿಯೂ ಸೇರಬಹುದು.

ಆದರೆ ಇಷ್ಟೆಲ್ಲಾ ಕಥೆ ಆ ಜಾಗದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಇಡೀ ದಿನ ಹುಡುಕಿದೆ. ಲೆನ್ಸ್‌ನಲ್ಲಿ ಕೆಂಪು ಗಾರ್ನೆಟ್ ಸಿಕ್ಕಿತು. ಇಷ್ಟು ಬಿಸಿಗೆ ಸಾಕ್ಷಿ ಹೇಳುವ ಸಫಿರಿನ್ ಎಂಬ ಖನಿಜ ಸಣ್ಣ ಕರಿ ಚುಕ್ಕೆ ಅಷ್ಟೇ. ಬೇಜಾರಾಯಿತು. ಬೆಂಗಳೂರಿಗೆ ಬಂದು, ಗೆಳತಿಯೊಬ್ಬಳ ಲ್ಯಾಬಿನಲ್ಲಿ ಅಲ್ಲಿನದೇ ಕಲ್ಲಿನ 0.03 ಮಿ.ಮೀ. ದಪ್ಪದ ತೆಳು ಸೀಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಾತು ನಿಂತಿತು. ಕರಿ ಚುಕ್ಕೆ ತಿಳಿ ನೀಲಿಯಾಗಿತ್ತು. ಸುತ್ತ ಬೇರೆ ಖನಿಜಗಳು ಅಂಚು ಕಟ್ಟಿದ್ದವು. ಬಂಡೆ ತಣಿಯುತ್ತಾ ಮೇಲೆ ಬಂದ ಗುರುತು ಅದು. ಮೈಕ್ರೋಸ್ಕೋಪ್ ಸಿಗುವ ಹಾಗಿದ್ದರೆ ಪಳನಿಗೆ ಖಂಡಿತ ಹೋಗಿ. ಇಲ್ಲದಿದ್ದರೆ ಸುಮ್ನೆ ದಣಿವು.

ತಮ್ಮನ ಮಗಳು ಮತ್ತೆ ಕಬ್ಬಾಳಿಗೆ ಕರೆಯುತ್ತಿದ್ದಾಳೆ. ಈ ಸಲ ಬೆಳಿಗ್ಗೆ ಆರಕ್ಕೇ ಹೊರಡುತ್ತೇವೆ. ಪಟ್ಟೆ ಎಲ್ಲಿ ನಿಲ್ಲುತ್ತದೆ, ಎಣ್ಣೆ ಎಲ್ಲಿ ಶುರುವಾಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಳ್ಳಬೇಕಂತೆ.