ಅಡ್ಡಗಾಳಿಯಲ್ಲಿ ಹೋಲ್ಡಿಂಗ್: ಎಷ್ಟು ಪಟ್ಟು ಡ್ರಿಫ್ಟ್?

ಆಷಾಢ ಬಂತೆಂದರೆ ಬಳ್ಳಾರಿಯ ನಮ್ಮ ಮನೆಯ ಪಡುವಣ ಕಿಟಕಿಯನ್ನು ತೆರೆಯುವಂತಿಲ್ಲ, ಮೇಜಿನ ಮೇಲೆಲ್ಲ ಕೆಂಪು ಧೂಳು. ಹೋಲ್ಡಿಂಗ್ ಎಂದರೆ ವಿಮಾನ ಆಕಾಶದ ಒಂದೇ ಕಡೆ ಸುತ್ತು ಹಾಕುತ್ತ ಕಾಯುವುದು. ಅದರ ಅಭ್ಯಾಸಕ್ಕೆ ಅದೇ ಗಾಳಿಯನ್ನು ವಿಮಾನದ ಸಿಮ್ಯುಲೇಟರಿಗೂ ಕೊಟ್ಟೆ: ಪಶ್ಚಿಮದಿಂದ 20 ನಾಟ್. ತೋರಣಗಲ್ಲಿನ ವಿಮಾನ ನಿಲ್ದಾಣದ ಮೇಲೆ ನಾನೇ ಒಂದು ಫಿಕ್ಸ್, ಅಂದರೆ ಸುತ್ತಿಗೆ ಗುರುತಿನ ಬಿಂದು, ಇಟ್ಟುಕೊಂಡೆ. ಫಿಕ್ಸ್‌ನತ್ತ ಬರುವ ಇನ್‌ಬೌಂಡ್ ಗೆರೆ ನೇರ ಉತ್ತರಕ್ಕೆ, ತಿರುವುಗಳು ಬಲಕ್ಕೆ, ವಾಯುವೇಗ 100 ನಾಟ್. ಇನ್‌ಬೌಂಡ್‌ನಲ್ಲಿ ಮೂತಿಯನ್ನು ಗಾಳಿಯತ್ತ 12 ಡಿಗ್ರಿ (ಇದೇ ಡ್ರಿಫ್ಟ್ ಕೋನ) ತಿರುಗಿಸಿ ಹೆಡಿಂಗ್, ಅಂದರೆ ಮೂತಿಯ ದಿಕ್ಕು, 348 ಹಿಡಿದರೆ ಗೆರೆ ತಪ್ಪುವುದಿಲ್ಲ. ಪಜೀತಿಯೆಲ್ಲ ಫಿಕ್ಸ್‌ನಿಂದ ದಕ್ಷಿಣಕ್ಕೆ ಹೋಗುವ ಔಟ್‌ಬೌಂಡ್‌ನದು.

ಮೊದಲು ಅಲ್ಲಿಯೂ ಅದೇ 12 ಡಿಗ್ರಿ ಕೊಟ್ಟು 192ರಲ್ಲಿ ಹಾರಿದೆ. ತಿರುವು ಮುಗಿಸುವಾಗ ಗೆರೆಯಿಂದ ಸುಮಾರು 1.2 ಕಿಲೋಮೀಟರ್ ಪೂರ್ವಕ್ಕೆ ಬಿದ್ದಿದ್ದೆ. ಎರಡು ತಿರುವುಗಳಿಗೆ ಎರಡು ನಿಮಿಷ. ಅಷ್ಟು ಹೊತ್ತೂ ಗಾಳಿ ತಳ್ಳುತ್ತಲೇ ಇರುತ್ತದೆ. ಈ ವಿಧಾನವನ್ನು ಅಲ್ಲಿಗೇ ಕೈಬಿಟ್ಟೆ.

ಮೂರು ಪಟ್ಟು ಡ್ರಿಫ್ಟ್ ಕೊಡುವ ನಿಯಮದ ಬೆಲೆ ತಿಳಿದದ್ದು ಆಗಲೇ. ಎರಡು ತಿರುವುಗಳ ನಷ್ಟವನ್ನೂ ತನ್ನ ನಷ್ಟವನ್ನೂ ಔಟ್‌ಬೌಂಡ್‌ನ ಒಂದೇ ನಿಮಿಷ ತುಂಬಿಕೊಡಬೇಕು. ಮೂರು ಪಟ್ಟು ಅಂದರೆ 36 ಡಿಗ್ರಿ, ಹೆಡಿಂಗ್ 216. ಮೊದಲ ತಿರುವು 180 ಡಿಗ್ರಿಯಲ್ಲ, 228. ಗಡಿಯಾರದಲ್ಲಿ 76 ಸೆಕೆಂಡು. ಎರಡನೆಯದು ಬರೀ 44. ಮೊದಲ ಸಲ ಅಷ್ಟು ಹೊತ್ತು ತಿರುಗುತ್ತಲೇ ಇದ್ದಾಗ ಎಲ್ಲೋ ತಪ್ಪಿದೆ ಎಂದು ಎದೆ ಬಡಿದುಕೊಂಡಿತು, ಆದರೆ ಹೊರಬಂದಾಗ ಗೆರೆ ತೋರಿಸುವ ಸೂಜಿ ನಡುವೆಯೇ ನಿಂತಿತ್ತು. ಕೊರತೆ ಒಂದೇ: ಮೂತಿ ಇಷ್ಟು ಓರೆಯಾದರೆ ದಕ್ಷಿಣಕ್ಕೆ ಸಾಗುವ ವೇಗ ಕುಗ್ಗುತ್ತದೆ. ರೆಕ್ಕೆ ಸಮವಾದಾಗಿನಿಂದ ಒಂದು ನಿಮಿಷ ಎಣಿಸಿದರೆ ಇನ್‌ಬೌಂಡ್‌ಗೆ 50 ಸೆಕೆಂಡು ಮಾತ್ರ ಸಿಕ್ಕಿತು.

ಜಿಪಿಎಸ್ ನೋಡಿಕೊಂಡು, ಫಿಕ್ಸ್‌ನ ದಿಕ್ಕು ಇನ್‌ಬೌಂಡ್ ಗೆರೆಗೆ 30 ಡಿಗ್ರಿ ಕೋನಕ್ಕೆ ಬಂದಾಗ ತಿರುಗುವುದು ಮೂರನೆಯ ವಿಧಾನ. ಗಾಳಿಯಿಲ್ಲದಾಗ ಇದು ಚೆನ್ನ. ಈ ಗಾಳಿಯಲ್ಲಿ ಮತ್ತೆ ಪೂರ್ವಕ್ಕೇ ಉಳಿದೆ; 216ರಲ್ಲಿ ಗೆರೆಗೆ ಸರಿಯಾಗಿ ಬಂದ ಸುತ್ತಿನಲ್ಲಿ ತಿರುವಿನ ಹೊತ್ತಿಗೆ ಕೋನ 25ರ ಹತ್ತಿರವಿತ್ತು. ಮೇಲಾಗಿ ಕಣ್ಣು ನಕ್ಷೆಗೆ ಅಂಟಿ, ಎತ್ತರ ಕೈತಪ್ಪುತ್ತಿತ್ತು.

ನಾನು ಮೂರು ಪಟ್ಟನ್ನೇ ಆರಿಸಿಕೊಂಡೆ. ಮೊದಲ ಸುತ್ತಿಗೆ 216. ಇನ್‌ಬೌಂಡ್‌ನ ಸಮಯ ನೋಡಿ ಎರಡನೆಯದಕ್ಕೆ ಕೋನವನ್ನು 3 ಡಿಗ್ರಿ ಇಳಿಸಿ 10 ಸೆಕೆಂಡು ಕೂಡಿಸಿದೆ. 213, 70 ಸೆಕೆಂಡು. ಇನ್‌ಬೌಂಡ್ ಸರಿಯಾಗಿ ಒಂದು ನಿಮಿಷಕ್ಕೆ ಬಂದು ನಿಂತಿತು.