ಒಂದೇ ಸ್ಟೇಡಿಯಂ, ಎರಡು ಆಟ: ಸಿಯಾಟಲ್‌ನಲ್ಲಿ ನನ್ನ ಓಟು ಸಾಕರ್‌ಗೆ

ಈ ಸಲ ಸಿಯಾಟಲ್‌ನ ಸಾಕರ್ ತಂಡ, ಅಂದರೆ ನಮ್ಮೂರಲ್ಲಿ ಫುಟ್‌ಬಾಲ್ ಅನ್ನುವ ಆಟದ ತಂಡ, ಸೌಂಡರ್ಸ್‌ನ ಸೀಸನ್ ಟಿಕೆಟ್ ತೆಗೆದುಕೊಂಡಿದ್ದೇನೆ. ಅಮೆರಿಕನ್ ಫುಟ್‌ಬಾಲ್ ತಂಡ ಸೀಹಾಕ್ಸ್‌ನ ಪಂದ್ಯಗಳಿಗೆ ದುಡ್ಡು ಸುರಿಯುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಸಿಯಾಟಲ್‌ನ ಯಾವುದೇ ಆಫೀಸಿನಲ್ಲಿ ಈ ಮಾತು ಹೇಳಿ ನೋಡಿ, ಪಕ್ಕದವರು ಕೆಲಸ ಬಿಟ್ಟು ತಿರುಗುತ್ತಾರೆ. "ಸಾಕರ್‌ನಲ್ಲಿ ಏನೂ ಆಗೋದೇ ಇಲ್ಲವಲ್ಲ" ಅನ್ನುವುದೇ ಅವರ ಮೊದಲ ಮಾತು.

ಆ ಮಾತು ಎಷ್ಟು ನಿಜ ಅಂತ ನೋಡುವುದಕ್ಕೆ ಈ ಊರು ಹೇಳಿ ಮಾಡಿಸಿದಂತಿದೆ. ಅಮೆರಿಕನ್ ಫುಟ್‌ಬಾಲ್ ಆಡುವ ಸೀಹಾಕ್ಸ್‌ಗೂ ಸಾಕರ್ ಆಡುವ ಸೌಂಡರ್ಸ್‌ಗೂ ತವರು ಮೈದಾನ ಒಂದೇ, ಲುಮೆನ್ ಫೀಲ್ಡ್. ಅದೇ ಕುರ್ಚಿ, ಅದೇ ಮಳೆ, ಮನೆಗೆ ಹೋಗಲು ಅದೇ ಟ್ರೇನು. ಆಟ ಮಾತ್ರ ಬೇರೆ. ಮ್ಯಾರಿನರ್ಸ್‌ನ ಬೇಸ್‌ಬಾಲ್ ಮೈದಾನವೂ ಪಕ್ಕದಲ್ಲೇ ಇದೆ. ನನ್ನ ಜೊತೆ ಹೆಚ್ಚಾಗಿ ಬಂದವನು ಆಫೀಸಿನ ಗೆಳೆಯ. ಇಲ್ಲೇ ಹುಟ್ಟಿ ಬೆಳೆದವನು, ಸೀಹಾಕ್ಸ್ ಅಂದರೆ ಪ್ರಾಣ. ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು. ಹಾಗಾಗಿ ಎರಡು ಆಟಗಳಲ್ಲಿ ಯಾವುದೂ ನನಗೆ ಮನೆಯ ಆಟವಲ್ಲ.

ನಿಯಮಗಳನ್ನೆಲ್ಲ ಬಿಡೋಣ. ನನಗೆ ದೊಡ್ಡ ವ್ಯತ್ಯಾಸ ಕಂಡದ್ದು ಗಡಿಯಾರದಲ್ಲಿ.

ಅಮೆರಿಕನ್ ಫುಟ್‌ಬಾಲ್ ಹೆಸರಿಗೆ 60 ನಿಮಿಷದ ಆಟ. ಮುಗಿಯಲು ಮೂರು ಗಂಟೆ ಹಿಡಿಯುತ್ತದೆ, ಕೆಲವು ಸಲ ಅದಕ್ಕೂ ಜಾಸ್ತಿ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಕೆಲವು ಪಂದ್ಯಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿತ್ತು. ಚೆಂಡು ನಿಜವಾಗಿ ಆಟದಲ್ಲಿದ್ದದ್ದು ಸುಮಾರು 11 ನಿಮಿಷ. ಉಳಿದದ್ದು ಗುಂಪು ಸೇರುವುದು, ಸಾಲು ಹಿಡಿಯುವುದು, ರೀಪ್ಲೇ, ಜಾಹೀರಾತು. ಟಿವಿಯಲ್ಲಾದರೆ ಜಾಹೀರಾತಿನ ಹೊತ್ತಿಗೆ ಎದ್ದು ಕಾಫಿ ಮಾಡಿಕೊಳ್ಳಬಹುದು. ಸ್ಟೇಡಿಯಂನಲ್ಲಿ ಆಟಗಾರರು ಸುಮ್ನೆ ನಿಂತಿರುತ್ತಾರೆ, ನಾವೂ ಅವರನ್ನೇ ನೋಡುತ್ತಾ ಕೂತಿರುತ್ತೇವೆ. ಟಚ್‌ಡೌನ್ (ಗೋಲ್ ಗೆರೆ ದಾಟಿ ಅಂಕ) ಆದ ಮೇಲೆ ಒಂದು ಬಿಡುವು, ಕಿಕ್‌ಆಫ್ ಆಗಿ ಮತ್ತೊಂದು ಬಿಡುವು. 2017ರಲ್ಲಿ ಈ ಆಟದ ಲೀಗ್ ಎನ್‌ಎಫ್‌ಎಲ್ ಒಂದೊಂದು ಕ್ವಾರ್ಟರ್‌ನ (ಆಟದ ಕಾಲು ಭಾಗದ) ಜಾಹೀರಾತು ಬಿಡುವುಗಳನ್ನು ಐದರಿಂದ ನಾಲ್ಕಕ್ಕೆ ಇಳಿಸಿತು. ಆದರೆ ಒಂದೊಂದರ ಉದ್ದ ಜಾಸ್ತಿ ಮಾಡಿತು. ಊರಿಂದ ಬಂದಿದ್ದ ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಎರಡನೇ ಕ್ವಾರ್ಟರ್‌ನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವರು ಆಡೋದು ಯಾವಾಗ ಮಗಾ?"

ಆ 11 ನಿಮಿಷ ಮಾತ್ರ ಅದ್ಭುತ, ಅದನ್ನು ಅಲ್ಲಗಳೆಯುವುದಿಲ್ಲ. ಎದುರಾಳಿಗೆ ಮೂರನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಬಂದಾಗ ಈ ಸ್ಟೇಡಿಯಂ ಕಿರುಚುವುದನ್ನು ಒಮ್ಮೆ ಅಲ್ಲಿ ನಿಂತೇ ಕೇಳಬೇಕು. ಆಟ ನಡೆಸುವ ಎದುರಾಳಿ ಕ್ವಾರ್ಟರ್‌ಬ್ಯಾಕ್ ಹೇಳಿದ್ದು ಅವನ ತಂಡದವರಿಗೇ ಕೇಳಿಸಬಾರದು, ಜನ ಕೂಗುವುದು ಅದಕ್ಕೇ. 2011ರ ಜನವರಿಯಲ್ಲಿ ಸೀಹಾಕ್ಸ್‌ನ ಮಾರ್ಶಾನ್ ಲಿಂಚ್ ನ್ಯೂ ಆರ್ಲಿಯನ್ಸ್ ತಂಡದ ವಿರುದ್ಧ ಒಬ್ಬೊಬ್ಬರನ್ನೇ ಕೊಡವಿಕೊಂಡು 67 ಗಜ ಓಡಿದಾಗ ಜನ ಕುಣಿದ ಕುಣಿತ ಹತ್ತಿರದ ಭೂಕಂಪ ಮಾಪಕದಲ್ಲಿ ದಾಖಲಾಗಿತ್ತು. ಗೆಳೆಯ ಆ ಓಟದ ಬಗ್ಗೆ ಹೇಳುವಾಗ ಇವತ್ತಿಗೂ ಎದ್ದು ನಿಂತುಕೊಳ್ಳುತ್ತಾನೆ.

ಆದರೆ ಗಮನಿಸಿ, ಅಲ್ಲಿ ಯಾವಾಗ ಉಸಿರು ಬಿಗಿ ಹಿಡಿಯಬೇಕು ಅಂತ ಮೊದಲೇ ಗೊತ್ತಿರುತ್ತದೆ. ಮೂರನೇ ಡೌನ್, ಕೊನೆಯ ಎರಡು ನಿಮಿಷ, ಗೋಲ್ ಗೆರೆಗೆ ಐದು ಗಜ. ಬೋರ್ಡ್ ನೋಡಿದರೆ ಸಾಕು. ಸಾಕರ್ ಹಾಗೆ ಮುನ್ಸೂಚನೆ ಕೊಡುವುದಿಲ್ಲ. ಮಧ್ಯದಲ್ಲಿ ಯಾರೋ ಒಬ್ಬ ಪಾಸ್ ತಪ್ಪಿದರೆ ಎಂಟು ಸೆಕೆಂಡಿನಲ್ಲಿ ಚೆಂಡು ಬಲೆಯಲ್ಲಿರುತ್ತದೆ. ಹಾಗಾಗಿ ಇಡೀ 45 ನಿಮಿಷ ಕಣ್ಣು ಮೈದಾನದ ಮೇಲೇ ಇರಬೇಕು. ನನಗೆ ರೋಮಾಂಚನ ಇರುವುದು ಇದರಲ್ಲಿ. ಅಮೆರಿಕದ ಪ್ರೇಕ್ಷಕರು ಎಡವುವುದೂ ಇಲ್ಲೇ.

ಎಡವುವುದು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮಗೆ ಬಂದ ಒಂದೇ ದೊಡ್ಡ ಕಿರಿಕಿರಿ ಅದು.

ಗೆಳೆಯನನ್ನು ಸೌಂಡರ್ಸ್ ಪಂದ್ಯಕ್ಕೆ ಮೊದಲ ಸಲ ಕರೆದುಕೊಂಡು ಹೋದ ದಿನ ಒಂದು ಗಂಟೆಯ ಆಟವಾದರೂ ಸ್ಕೋರ್ 0-0. ಅವನು ಗಾರ್ಲಿಕ್ ಫ್ರೈಸ್ ತರುತ್ತೇನೆ ಅಂತ ಎದ್ದ. ಈಗ ಬೇಡ ಅಂದೆ. "ಬೇಗ ಬಂದುಬಿಡ್ತೀನಿ" ಅಂದ. ಅವನು ಕ್ಯೂನಲ್ಲಿ ನಿಂತಿದ್ದಾಗ ಸೌಂಡರ್ಸ್ ಗೋಲ್ ಹೊಡೆದರು. ಗದ್ದಲ ಕೇಳಿ ಫ್ರೈಸ್ ಬಿಟ್ಟು ಓಡಿ ಬಂದ. ಅಷ್ಟರಲ್ಲಿ ದೊಡ್ಡ ಪರದೆಯಲ್ಲಿ ರೀಪ್ಲೇ ಕೂಡ ಮುಗಿದಿತ್ತು. ಆ ದಿನ ಬಿದ್ದದ್ದು ಅದೊಂದೇ ಗೋಲ್. ಟಿಕೆಟ್‌ಗೆ ದುಡ್ಡು ಕೊಟ್ಟು, ಅಷ್ಟು ಹೊತ್ತು ಕಾದು, ಬಂದ ಒಂದೇ ಗೋಲ್ ಕೌಂಟರ್ ಮುಂದೆ ನಿಂತಾಗ ಆಗಿಹೋದರೆ ಯಾರಿಗೆ ಬೇಜಾರಾಗಲ್ಲ ಹೇಳಿ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ.

ಇದು ಅವನೊಬ್ಬನ ಕಥೆಯಲ್ಲ. ಇಲ್ಲಿಯವರಿಗೆ ಆಟ ನೋಡುವುದೆಂದರೆ ಎದ್ದು ಓಡಾಡುವುದೂ ಸೇರಿಯೇ. ಬೇಸ್‌ಬಾಲ್‌ನಲ್ಲಿ ಪ್ರತಿ ಅರ್ಧ ಇನ್ನಿಂಗ್ಸ್ ಆದ ಮೇಲೆ ಬಿಡುವು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಜಾಹೀರಾತು ಬಂದಾಗಲೆಲ್ಲ ಬಿಡುವು. ಬಾಸ್ಕೆಟ್‌ಬಾಲ್‌ನಲ್ಲಿ ಟೈಮ್‌ಔಟ್. ತಿನ್ನಲು, ಹರಟೆ ಹೊಡೆಯಲು, ಬಾತ್‌ರೂಮಿಗೆ ಹೋಗಲು ಆಟವೇ ಪುರುಸೊತ್ತು ಮಾಡಿಕೊಡುತ್ತದೆ. ಸಾಕರ್‌ನಲ್ಲಿ ಸಿಗುವುದು ನಡುವಿನ 15 ನಿಮಿಷ ಮಾತ್ರ. ಆಗ ಎಲ್ಲರೂ ಒಟ್ಟಿಗೇ ಏಳುತ್ತಾರೆ, ಕ್ಯೂ ಕರಗುವಷ್ಟರಲ್ಲಿ ಎರಡನೇ ಅರ್ಧ ಶುರು. ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ. ಅವರಿಗೆ 45 ನಿಮಿಷ ಕದಲದೆ ಕೂರುವುದು ನಿಜಕ್ಕೂ ಕಷ್ಟ. ಚಿಕ್ಕ ಮಕ್ಕಳಿದ್ದವರಿಗೂ ಅಷ್ಟೇ.

ಈ ತಿಕ್ಕಾಟ ಇವತ್ತಿನದಲ್ಲ. 1967ರಲ್ಲಿ ಅಮೆರಿಕದ ಟಿವಿಯಲ್ಲಿ ಸಾಕರ್ ಲೀಗ್ ತೋರಿಸಲು ಹೊರಟಾಗ ಜಾಹೀರಾತು ಎಲ್ಲಿ ತುರುಕುವುದು ಅನ್ನುವುದೇ ದೊಡ್ಡ ತಲೆನೋವಾಗಿತ್ತು. ಒಂದು ಪಂದ್ಯದಲ್ಲಿ ಕೊಟ್ಟ 21 ಫೌಲ್‌ಗಳಲ್ಲಿ 11 ಫೌಲ್‌ಗಳನ್ನು ಜಾಹೀರಾತಿಗೆ ಜಾಗ ಮಾಡಲೆಂದೇ ಕೊಟ್ಟೆ ಅಂತ ರೆಫರಿಯೇ ಒಪ್ಪಿಕೊಂಡಿದ್ದ. 1990ರ ವಿಶ್ವಕಪ್ ಹೊತ್ತಿಗೂ ಇಲ್ಲಿನ ಪ್ರಸಾರದಲ್ಲಿ ಆಟ ನಡೆಯುತ್ತಿರುವಾಗಲೇ ಜಾಹೀರಾತು ಬರುತ್ತಿತ್ತು. 1994ರಲ್ಲಿ ವಿಶ್ವಕಪ್ ಅಮೆರಿಕದಲ್ಲೇ ನಡೆಯಿತು. ಆಗ ಪರದೆಯ ಮೂಲೆಯ ಗಡಿಯಾರದ ಪಕ್ಕ ಪ್ರಾಯೋಜಕರ ಗುರುತು ಹಾಕಿ, ಆಟವನ್ನು ತುಂಡು ಮಾಡದೆ ತೋರಿಸಿದರು. ಆ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸರಾಸರಿ 69,000 ಜನರ ಹತ್ತಿರ ಬಂದಿದ್ದರು. ಇಲ್ಲಿನ ಜನಕ್ಕೆ ಸಾಕರ್ ನೋಡುವ ಮನಸ್ಸೇ ಇಲ್ಲ ಅನ್ನುವವರು ಈ ಲೆಕ್ಕವನ್ನು ಮರೆಯಬಾರದು.

2026ರ ವಿಶ್ವಕಪ್‌ಗೆ ಫಿಫಾ ಹೊಸ ನಿಯಮ ತಂದಿದೆ. ಬಿಸಿಲಿರಲಿ, ತಂಪಿರಲಿ, ಪ್ರತಿ ಅರ್ಧದಲ್ಲೂ ನೀರು ಕುಡಿಯಲು ಮೂರು ನಿಮಿಷ ಆಟ ನಿಲ್ಲಿಸುವುದು. ಗೆಳೆಯನಿಗೆ ಇದು ಖುಷಿಯ ಸುದ್ದಿ. ನನಗೆ ಇಷ್ಟವಿಲ್ಲ. ಬಿರುಬಿಸಿಲಿನಲ್ಲಿ ಆಟಗಾರರಿಗೆ ನೀರು ಬೇಕೇ ಬೇಕು, ಸರಿ. ತಣ್ಣಗಿನ ಸಂಜೆಯಲ್ಲೂ ಯಾಕೆ? ಎರಡು ಭಾಗದ ಆಟ ನಾಲ್ಕು ಕ್ವಾರ್ಟರ್ ಆಗಿಬಿಟ್ಟರೆ ಸಾಕರ್‌ನ ಮುಖ್ಯ ಗುಣವೇ ಹೋಗುತ್ತದೆ. ಕಿರಿಕಿರಿಗೆ ನಾವು ಕಂಡುಕೊಂಡ ದಾರಿ ಸುಲಭದ್ದು. ಸ್ಟೇಡಿಯಂ ಪಕ್ಕದ ಚೈನಾಟೌನ್‌ನಲ್ಲಿ ಮೊದಲೇ ಹೊಟ್ಟೆ ತುಂಬ ನೂಡಲ್ಸ್ ತಿಂದು ಹೋಗುವುದು. ಅಪ್ಪನಿಗೆ ನಡೆದಾಡುವ ದಾರಿಯ ಪಕ್ಕದ ಸೀಟು.

ಇನ್ನು ಗೋಲ್ ಕಡಿಮೆ ಅನ್ನುವ ದೂರು. ಇದರಲ್ಲಿ ನನಗೆ ಅಷ್ಟು ಹುರುಳು ಕಾಣುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಮ್ಯಾರಿನರ್ಸ್ ಪ್ಲೇಆಫ್‌ನಲ್ಲಿ ಹ್ಯೂಸ್ಟನ್ ವಿರುದ್ಧ 18 ಇನ್ನಿಂಗ್ಸ್ ಆಡಿದರು. ಆರು ಗಂಟೆ 22 ನಿಮಿಷ ನಡೆದ ಆಟದಲ್ಲಿ ಬಂದದ್ದು ಒಂದೇ ರನ್, ಅದೂ ಎದುರಾಳಿಗೆ. ಇದೇ ಗೆಳೆಯ ಆ ಪಂದ್ಯವನ್ನು ಕೊನೆಯವರೆಗೂ ನೋಡಿ, ಜನ್ಮದಲ್ಲಿ ಇಂಥದ್ದು ನೋಡಿರಲಿಲ್ಲ ಅಂದಿದ್ದ. 1-0 ಅಲ್ಲಿ ರೋಚಕವಾದರೆ ಇಲ್ಲಿ ಯಾಕಾಗಬಾರದು?

ಡ್ರಾ ಬಗ್ಗೆ ಇಲ್ಲಿಯವರ ಅಸಮಾಧಾನ ಅರ್ಥವಾಗುತ್ತದೆ. ಸೌಂಡರ್ಸ್ ಆಡುವ ಸಾಕರ್ ಲೀಗ್ ಎಂಎಲ್‌ಎಸ್ 1996ರಲ್ಲಿ ಶುರುವಾದಾಗ ಡ್ರಾ ಇರಲೇ ಇಲ್ಲ. ಸಮವಾದರೆ ಆಟಗಾರ 35 ಗಜದಿಂದ ಚೆಂಡನ್ನು ಕಾಲಲ್ಲಿ ತಳ್ಳಿಕೊಂಡು ಓಡಿ ಬಂದು ಐದು ಸೆಕೆಂಡಿನೊಳಗೆ ಗೋಲ್‌ಕೀಪರ್‌ನನ್ನು ದಾಟಿಸಿ ಹೊಡೆಯಬೇಕಿತ್ತು. 1999ರ ಸೀಸನ್ ಆದ ಮೇಲೆ ಅದನ್ನು ಕೈಬಿಟ್ಟರು, ಒಳ್ಳೆಯದೇ ಆಯಿತು. ಐದು ದಿನ ಆಡಿ ಡ್ರಾ ಆದ ಟೆಸ್ಟ್‌ಗಳನ್ನು ನೋಡಿ ಬೆಳೆದವರಿಗೆ ಇದು ತೊಡಕೇ ಅಲ್ಲ. ಸೀಹಾಕ್ಸ್ ಕೂಡ 2016ರಲ್ಲಿ ಅರಿಜೋನಾ ವಿರುದ್ಧ ಹೆಚ್ಚುವರಿ ಸಮಯ ಆಡಿಯೂ 6-6 ಸಮ ಮಾಡಿಕೊಂಡಿದ್ದರು.

ಸಾಕರ್‌ನ ಎಲ್ಲ ಪಂದ್ಯವೂ ಚೆಂದ ಅಂತ ನಾನು ಹೇಳುತ್ತಿಲ್ಲ. ಅದೇ 2016ರ ಡಿಸೆಂಬರ್‌ನಲ್ಲಿ ಸೌಂಡರ್ಸ್ ಮೊದಲ ಎಂಎಲ್‌ಎಸ್ ಕಪ್ ಗೆದ್ದದ್ದು ಟೊರಾಂಟೊದಲ್ಲಿ. 120 ನಿಮಿಷದಲ್ಲಿ ಗೋಲ್ ಕಡೆಗೆ ಸರಿಯಾಗಿ ಹೋದ ಅವರ ಹೊಡೆತ ಒಂದೂ ಇಲ್ಲ. ಗೋಲ್‌ಕೀಪರ್ ಸ್ಟೆಫಾನ್ ಫ್ರೈ ಒಂದೇ ಕೈಯಲ್ಲಿ ಚೆಂಡನ್ನು ಹೊರಗೆ ಎತ್ತಿಹಾಕಿದ್ದರಿಂದ ಉಳಿದುಕೊಂಡು, ಪೆನಾಲ್ಟಿಯಲ್ಲಿ 5-4ರಿಂದ ಗೆದ್ದರು. ಅಭಿಮಾನಿಗಳಿಗೆ ಅದು ಪವಾಡ. ಹೊಸಬರಿಗೆ ಆ ಪಂದ್ಯ ತೋರಿಸಬೇಡಿ.

ತೋರಿಸುವುದಾದರೆ 2022ರ ಮೇ 4ರದ್ದು ತೋರಿಸಿ. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ಲಬ್‌ಗಳ ಕಾನ್‌ಕಕಾಫ್ ಚಾಂಪಿಯನ್ಸ್ ಲೀಗ್ ಫೈನಲ್‌ನ ಎರಡನೇ ಪಂದ್ಯ, ಎದುರಿಗೆ ಮೆಕ್ಸಿಕೊದ ಪೂಮಾಸ್. ಮೊದಲ ಪಂದ್ಯ 2-2 ಆಗಿತ್ತು. ಲುಮೆನ್ ಫೀಲ್ಡ್‌ನಲ್ಲಿ 68,741 ಜನ. ಗೆಳೆಯನೂ ನನ್ನ ಪಕ್ಕದಲ್ಲಿದ್ದ. ಮೊದಲ ಅರ್ಧ ಮುಗಿಯುವ ಹೊತ್ತಿಗೆ ರೌಲ್ ರುಯಿಡಿಯಾಸ್ ಗೋಲ್ ಹೊಡೆಯುವವರೆಗೆ ನಮ್ಮ ಸಾಲಿನಲ್ಲಿ ಒಬ್ಬರೂ ಬೆನ್ನು ಒರಗಿಸಿ ಕೂತಿರಲಿಲ್ಲ. ಕೊನೆಗೆ 3-0. ಆ ರಾತ್ರಿ ಗೆಳೆಯ ಕೌಂಟರ್ ಕಡೆ ತಲೆಯನ್ನೂ ಹಾಕಲಿಲ್ಲ.

ಟಿವಿಯಲ್ಲಿ ನೋಡುವುದಾದರೆ ಲೆಕ್ಕ ತಿರುಗುತ್ತದೆ. ಅಮೆರಿಕನ್ ಫುಟ್‌ಬಾಲ್ ಟಿವಿಗೇ ಸರಿ. ಹೊಸದಾಗಿ ನಾಲ್ಕು ಡೌನ್ ಸಿಗಲು ಎಲ್ಲಿಯವರೆಗೆ ಹೋಗಬೇಕು ಅಂತ ತೋರಿಸುವ ಹಳದಿ ಗೆರೆ ಮೈದಾನದಲ್ಲಿ ಇರುವುದೇ ಇಲ್ಲ, ಅದು ಪರದೆಯ ಮೇಲೆ ಮಾತ್ರ. ಸಾಕರ್‌ನ ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಆಟ ನಡೆಯುವುದು ಹೆಚ್ಚಾಗಿ ಚೆಂಡಿಲ್ಲದ ಕಡೆ. ಆ ತುದಿಯಲ್ಲಿ ವಿಂಗರ್ ಯಾವಾಗ ಓಡಲು ಶುರು ಮಾಡಿದ, ಡಿಫೆಂಡರ್ ಎಷ್ಟು ಮುಂದೆ ಬಂದುಬಿಟ್ಟ, ಇವೆಲ್ಲ ಸ್ಟೇಡಿಯಂನಲ್ಲಿ ಕೂತರೆ ಗೋಲ್‌ಗೆ ಮುಂಚೆಯೇ ಕಾಣುತ್ತವೆ. ಅದಕ್ಕೆ ಹೊಸಬರಿಗೆ ನನ್ನ ಸಲಹೆ: ಮೊದಲ ಹತ್ತು ನಿಮಿಷ ಚೆಂಡನ್ನು ಬಿಟ್ಟು ಒಬ್ಬನೇ ಆಟಗಾರನನ್ನು ನೋಡಿ. ಗೆಳೆಯನಿಗೆ ಈ ಆಟದ ರುಚಿ ಹತ್ತಿದ್ದು ಹಾಗೆ.

ಬೇಸ್‌ಬಾಲ್ ಬಗ್ಗೆ ಒಂದು ಮಾತು. 2023ರಲ್ಲಿ ಬೌಲರ್‌ಗೆ, ಅಂದರೆ ಪಿಚರ್‌ಗೆ, ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಬೇಕು ಅಂತ ಗಡಿಯಾರ ಇಟ್ಟ ಮೇಲೆ ಆಟದ ಸರಾಸರಿ ಅವಧಿ ಮೂರು ಗಂಟೆ ನಾಲ್ಕು ನಿಮಿಷದಿಂದ ಎರಡು ಗಂಟೆ 40 ನಿಮಿಷಕ್ಕೆ ಇಳಿಯಿತು. ನೆಂಟರ ಜೊತೆ ಹರಟುತ್ತಾ ನೋಡಲು ಅದೇ ವಾಸಿ.

ದುಡ್ಡಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಸೀಹಾಕ್ಸ್ ರೆಗ್ಯುಲರ್ ಸೀಸನ್‌ನಲ್ಲಿ ಇಲ್ಲಿ ಆಡುವುದು ಎಂಟೋ ಒಂಬತ್ತೋ ಪಂದ್ಯ, ಸೌಂಡರ್ಸ್ 17. ಪಂದ್ಯ ಕಡಿಮೆ, ಬೇಡಿಕೆ ಜಾಸ್ತಿ, ಬೆಲೆ ಆಕಾಶಕ್ಕೆ. ನಾನು ಕೊನೆಯ ಸಲ ಮೇಲಿನ ಅಂತಸ್ತಿನ ಒಂದು ಸೀಹಾಕ್ಸ್ ಸೀಟಿಗೆ ಕೊಟ್ಟ ದುಡ್ಡಿನಲ್ಲಿ ಮನೆಮಂದಿಯೆಲ್ಲ ಸೌಂಡರ್ಸ್ ನೋಡಿ, ಊಟವನ್ನೂ ಮುಗಿಸಿ ಬರಬಹುದಿತ್ತು. ನನ್ನ ವಾರಾಂತ್ಯದ ಲೆಕ್ಕವೂ ಇದೆ. ಶನಿವಾರ ಮಗಳ ಕನ್ನಡ ತರಗತಿ, ದಿನಸಿ, ಬಟ್ಟೆ ಒಗೆಯುವುದು. ಭಾನುವಾರದ ಅರ್ಧ ದಿನವನ್ನು ಸೀಹಾಕ್ಸ್‌ಗೆ ಕೊಟ್ಟರೆ ಸೋಮವಾರಕ್ಕೆ ಏನೂ ಉಳಿಯುವುದಿಲ್ಲ. ಶನಿವಾರ ರಾತ್ರಿ ಏಳೂವರೆಯ ಸೌಂಡರ್ಸ್ ಪಂದ್ಯಕ್ಕೆ ಹೋದರೆ ಹತ್ತೂವರೆಗೆ ಮನೆಯಲ್ಲಿರುತ್ತೇವೆ. ನಿಮಗೆ ಭಾನುವಾರ ಪೂರ್ತಿ ಬಿಡುವಿದ್ದು, ಗೆಳೆಯರ ಜೊತೆ ತಿನ್ನುತ್ತಾ ಕುಡಿಯುತ್ತಾ ಕಳೆಯುವುದೇ ಇಷ್ಟವಾದರೆ ಸೀಹಾಕ್ಸ್‌ಗೇ ಹೋಗಿ. ಮನೆಯಲ್ಲಿ ಚಿಕ್ಕವರಿದ್ದು, ಎರಡು ಗಂಟೆ ಮನಸ್ಸಿಟ್ಟು ನೋಡುವವರಾದರೆ ಸಾಕರ್.

ಊರಿಂದ ಅಪ್ಪ ಅಮ್ಮ ಬರುವವರಿದ್ದರೆ ತಿಂಗಳು ನೋಡಿಕೊಳ್ಳಿ. 2027ರ ಜುಲೈನಿಂದ ಎಂಎಲ್‌ಎಸ್ ಸೀಸನ್ ಜುಲೈನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ, ನಡುವೆ ಚಳಿಗಾಲದ ಬಿಡುವು. ಜೂನ್‌ನಲ್ಲಿ ಬರುವವರಿಗೆ ಅದೇ ಲುಮೆನ್ ಫೀಲ್ಡ್‌ನಲ್ಲಿ ಆಡುವ ಮಹಿಳಾ ತಂಡ ಸಿಯಾಟಲ್ ರೇನ್ ಇದೆ. ದಕ್ಷಿಣ ತುದಿಯಲ್ಲಿ ಸೀಟು ತೆಗೆದುಕೊಳ್ಳಬೇಡಿ. ಸೌಂಡರ್ಸ್ ಪಂದ್ಯದಲ್ಲಿ ಅಲ್ಲಿನ ಅಭಿಮಾನಿಗಳು ಪೂರ್ತಿ ಆಟ ನಿಂತೇ ನೋಡುತ್ತಾರೆ, ಹಿರಿಯರಿಗೆ ಏನೂ ಕಾಣಿಸುವುದಿಲ್ಲ. ಮಧ್ಯದ ಗೆರೆಯ ಹತ್ತಿರ, ಸ್ವಲ್ಪ ಮೇಲಿನ ಸಾಲು ಸಿಕ್ಕರೆ ತೆಗೆದುಕೊಳ್ಳಿ.